ಅತ್ತೆಯ ಬೆಲ್ಲು

ಪುಟ್ಟೇನಹಳ್ಳಿಯ ಮನೆಯಲ್ಲಿ ಚೈತನ್ಯನ ತಿಥಿ ಮುಗಿದು, ಶಾಮಿಯಾನದವನು ಕುರ್ಚಿ ತುಂಬಿಕೊಂಡು ಹೋದ. ನೆಂಟರೂ ‘ಅತ್ತುಬಿಡಮ್ಮ, ಹಗುರಾಗ್ತೀಯ’ ಎಂದು ಅರ್ಪಿತಳಿಗೆ ಉಪದೇಶ ಮಾಡಿ, ಪೊಗದಸ್ತಾಗಿ ಉಂಡು ಹೋದರು. ಗಂಡ ಹೋಗಿ ಹನ್ನೊಂದು ದಿನವಾಗಿದ್ದರೂ ಅವಳಿಗೆ ಅಳು ಬಂದಿರಲಿಲ್ಲ. ಹಸಿವೂ ಇಲ್ಲ.

ಆದರೆ ಅತ್ತೆಯ ಬೆಲ್ಲು ಕೆಟ್ಟಿತ್ತು. ಲಕ್ವ ಹೊಡೆದು ಅಂಜನಮ್ಮನವರ ಮಾತು ಬಿದ್ದುಹೋದ ಮೇಲೆ, ಮಗ ಚೈತನ್ಯ ಮಂಚದ ಪಕ್ಕ ಒಂದು ಗುಂಡಿ, ಅದಕ್ಕೆ ಬೆಂಕಿಪೊಟ್ಟಣದಷ್ಟು ಬೋರ್ಡು ಕೂರಿಸಿದ್ದ. ಒತ್ತಿದರೆ ನಡುಮನೆಯ ಕಂಪ್ಯೂಟರ್ ಗಂಟೆ ಬಾರಿಸುತ್ತಿತ್ತು. ಇಷ್ಟು ದಿನ ನೆಂಟರಿದ್ದರು, ನಡೆಯಿತು. ನಾಳೆ ಅರ್ಪಿತ ಆಫೀಸಿನ ಕೆಲಸಕ್ಕೆ ಕೂತರೆ ಅತ್ತೆ ಒಂದು ಲೋಟ ನೀರಿಗೂ ಕರೆಯುವುದು ಹೇಗೆ?

“ಬೋರ್ಡು ಸುಟ್ಟೋಗಿರ್ಬೇಕು ಅತ್ತಿಗೆ. ಹೊಸದು ತರ್ತೀನಿ,” ಎಂದ ಮೈದುನ ಮನು.

“ಬೋರ್ಡು ಚೆನ್ನಾಗೇ ಇದೆ. ಕಂಪ್ಯೂಟರ್‌ಗೇ ಕೇಳಿಸ್ತಿಲ್ಲ. ನಡುಮನೇಲಿದ್ದ ಇದನ್ನ ಇಲ್ಲಿ ನಿನ್ ರೂಮಿಗೆ ಯಾರು ತಂದಿದ್ದು?”

“ನಾನೇ. ಅಣ್ಣನ್ನ ಮಲಗಿಸೋಕೆ ಜಾಗ ಬೇಕಿತ್ತಲ್ಲ. ಆಮೇಲೆ ಅಲ್ಲೇ ದೀಪ ಇಟ್ರು.”

ಅಲ್ಲಿಗೆ ಕಾರಣ ಸಿಕ್ಕಿತು. ಕೇಬಲ್ ಬಿಟ್ಟು ವೈಫೈಗೆ ಬಂದ ಕಂಪ್ಯೂಟರಿನ ಐಪಿ ವಿಳಾಸ ಬದಲಾಗಿತ್ತು. ಚೈತನ್ಯ ಬೋರ್ಡಿನೊಳಗೆ ಬರೆದಿಟ್ಟಿದ್ದು ಹಳೆಯ ವಿಳಾಸ. ಖಾಲಿಯಾದ ಮನೆಯ ಬಾಗಿಲನ್ನು ಆ ಬಡಪಾಯಿ ಹನ್ನೊಂದು ದಿನದಿಂದ ತಟ್ಟುತ್ತಿತ್ತು. ಅರ್ಪಿತ ಕಂಪ್ಯೂಟರಿಗೆ ಹಳೆಯ ವಿಳಾಸವನ್ನೇ ಕೊಟ್ಟಳು. ಬೋರ್ಡಿಗೂ ಕಂಪ್ಯೂಟರಿಗೂ ಸಂಪರ್ಕ ಕೂಡಿಕೊಂಡಿತು.

ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ನಿಲ್ಲಲೇ ಇಲ್ಲ.

ಮನು ಓಡಿಹೋಗಿ ಇಣುಕಿ ಬಂದ. “ಅಮ್ಮ ನಿದ್ದೆ ಮಾಡ್ತಿದಾರೆ. ಯಾರೂ ಒತ್ತಿಲ್ಲ!”

“ತಲುಪದೇ ಇದ್ದಿದ್ದನ್ನೆಲ್ಲ ಕೂಡಿಟ್ಟು, ಲೈನ್ ಸಿಕ್ಕಾಗ ಕಳಿಸೋ ಹಾಗೆ ಮಾಡಿದ್ರು ನಿಮ್ಮಣ್ಣ.”

ಪರದೆಯ ಮೇಲೆ ಪ್ರತಿಯೊಂದಕ್ಕೂ ದಿನ, ಹೊತ್ತು ಬಿದ್ದಿತ್ತು. ನಲವತ್ತೊಂದು ಕರೆ. ಮೂವತ್ತಕ್ಕೂ ಹೆಚ್ಚು ಮೊದಲ ದಿನದ್ದೇ, ಹನ್ನೊಂದೂ ಕಾಲರಿಂದ ಹನ್ನೊಂದೂವರೆಯೊಳಗೆ. ಅದು ಹೆಣ ಎತ್ತಿದ ಹೊತ್ತು. ‘ತಾಯಿಗೆ ಮುಖ ತೋರಿಸಿದ್ರಾ?’ ಎಂದು ಆಗ ಯಾರೋ ಹಿರಿಯರು ಕೇಳಿದ್ದರು. ‘ನಿದ್ದೆ ಮಾಡ್ತಿದಾರೆ, ಎಬ್ಬಿಸ್ಬೇಡಿ’ ಎಂದವಳು ಅರ್ಪಿತಳೇ. ಕೋಣೆಗೆ ಇಣುಕಿಯೂ ನೋಡಿರಲಿಲ್ಲ.

ಮನು ಸದ್ದು ನಿಲ್ಲಿಸಲು ಕೈ ಚಾಚಿದ.

“ಬೇಡ. ಪೂರ್ತಿ ಮುಗೀಲಿ.”

ಈಗ ಹೋಗಿ ಏನು ಬಂತು, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆದರೂ ಹೋದಳು. ಗಂಟೆಯ ಸದ್ದಿಗೆ ಎಚ್ಚರವಾಗಿದ್ದ ಅಂಜನಮ್ಮ ಬಾಗಿಲನ್ನೇ ನೋಡುತ್ತಿದ್ದರು.

“ಕೇಳಿಸ್ತು ಅತ್ತೆ,” ಎಂದಳು ಅರ್ಪಿತ.

ಅಂಜನಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.