ಬೆಲ್ಟ್ ಬಿಗಿದು ಕೈ ಚಾಚಿ ನೋಡಿ

ಕಾರಿನ ತೂಕ ಇಳಿಸುವ ಹುಚ್ಚು ಹಿಡಿದವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂದು ತಕ್ಕಡಿ ಮೇಸ್ತ್ರಿಯ ಹೆಂಡತಿಯನ್ನು ಕೇಳಬೇಕು. ಮೇಸ್ತ್ರಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಮಗಳು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹಳೆಯ ಕೆಂಪು ಕಾರನ್ನು ಅವರು ತಮ್ಮ ಗ್ಯಾರೇಜಿನಲ್ಲೇ ಸಿದ್ಧ ಮಾಡಿದ್ದರು. ಹಿಂದಿನ ಸೀಟು ಕಿತ್ತರು, ನೆಲಹಾಸು ಕಿತ್ತರು, ಬಾಗಿಲಿನ ಒಳಹೊದಿಕೆ ಕಿತ್ತರು. ಕಿತ್ತದ್ದನ್ನೆಲ್ಲ ತಕ್ಕಡಿಗೆ ಹಾಕಿ, ಮುಳ್ಳು ನೋಡಿ, ಮೀಸೆಯಲ್ಲೇ ನಕ್ಕರು. ಕೊನೆಗೆ ಅಡುಗೆಮನೆಯ ತಕ್ಕಡಿಯೂ ಗ್ಯಾರೇಜ್ ಸೇರಿತು.

“ರೀ, ನನ್ನನ್ನೂ ಒಂದ್ಸಲ ತೂಗಿಬಿಡಿ. ಹೆಚ್ಚಾಗಿದ್ರೆ ತವರಿಗೆ ಕಳಿಸಿ,” ಎಂದು ಹೆಂಡತಿ ರೇಗಿಸುತ್ತಿದ್ದರು.

ಇಂಥ ಮನುಷ್ಯನಿಗೆ ಬೆಂಕಿ ಆರಿಸುವ ಸಿಲಿಂಡರ್ ಕಂಡರೆ ಆಗುತ್ತಿರಲಿಲ್ಲ. ಅದಿಲ್ಲದೆ ಟ್ರ್ಯಾಕಿಗೆ ಬಿಡುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಂದು, ಡಿಕ್ಕಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ, ಕೈ ತೊಳೆದುಕೊಂಡಿದ್ದರು.

ಮೇಸ್ತ್ರಿಯ ಅಕ್ಕ ಅದೇ ಟ್ರ್ಯಾಕಿನಲ್ಲಿ ಮಾರ್ಷಲ್. ತಿರುವಿನಲ್ಲಿ ನಿಂತು ಬಾವುಟ ತೋರಿಸುವುದು, ಯಾವುದಾದರೂ ಕಾರಿಗೆ ಬೆಂಕಿ ಬಿದ್ದರೆ ಓಡಿಹೋಗಿ ಆರಿಸುವುದು ಅವರ ಕೆಲಸ. ರೇಸಿನ ಹಿಂದಿನ ದಿನ ಗ್ಯಾರೇಜಿಗೆ ಬಂದವರು ಡಿಕ್ಕಿ ತೆಗೆದು ನೋಡಿ ಹಣೆ ಚಚ್ಚಿಕೊಂಡರು.

“ಇದೇನೋ ಇದು, ಸೊಪ್ಪಿನ ಕಟ್ಟು ಕಟ್ಟಿದ ಹಾಗೆ ಕಟ್ಟಿದ್ದೀಯಾ?”

“ಅಕ್ಕಾ, ಸಿಲಿಂಡರ್ ಇರಬೇಕು ಅಂದ್ರು. ಇದೆಯಲ್ಲ! ಇನ್ನೇನು?”

“ಬೆಂಕಿ ಬಿದ್ರೆ?”

“ಹೊರಗೆ ಬರ್ತಾಳೆ, ಡಿಕ್ಕಿ ತೆಗೀತಾಳೆ, ಆರಿಸ್ತಾಳೆ. ಅಷ್ಟಕ್ಕೂ ನಾನು ಕಟ್ಟಿದ ಕಾರಿಗೆ ಬೆಂಕಿ ಯಾಕೆ ಬೀಳುತ್ತೆ? ಬಿದ್ರೂ ನೀನಿಲ್ವಾ, ದೊಡ್ಡ ಸಿಲಿಂಡರ್ ಹೊತ್ಕೊಂಡು ಓಡಿ ಬರೋಕೆ?”

“ಬರ್ತೀನಿ ಕಣೋ. ಈ ಮಂಡಿ ಇಟ್ಕೊಂಡು ಎಷ್ಟು ಬೇಗ ಬರ್ತೀನಿ ಅಂತ ನಿನಗೇ ಗೊತ್ತು. ಅಲ್ಲೀತನಕ ನಿನ್ನ ಮಗಳಿಗೆ ಯಾರು ದಿಕ್ಕು?”

ಮೇಸ್ತ್ರಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕನೂ ವಾದ ಬೆಳೆಸಲಿಲ್ಲ. “ಸರಿ, ನೀನೇ ಸೀಟಲ್ಲಿ ಕೂತ್ಕೋ,” ಎಂದರು.

ಮೇಸ್ತ್ರಿ ಕೂತರು. ಭುಜ, ಸೊಂಟ, ತೊಡೆಯ ಮೇಲೆ ಹಾಯುವ ರೇಸ್ ಬೆಲ್ಟುಗಳನ್ನು ಮಗಳು ಖುಷಿಯಿಂದ ಎಳೆದೆಳೆದು ಬಿಗಿದಳು.

“ಅಪ್ಪಾ, ಹೊಟ್ಟೆ ಒಳಗೆ ಎಳ್ಕೋ. ಇದನ್ನ ಮಾತ್ರ ಯಾರೂ ತೂಗಲೇ ಇಲ್ವಲ್ಲ!”

ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ.

“ಈಗ ಕಾರಿಗೆ ಬೆಂಕಿ ಬಿದ್ದಿದೆ. ಬಾಗಿಲು ಗೋಡೆಗೆ ಒತ್ಕೊಂಡಿದೆ, ತೆಗೆಯೋಕಾಗಲ್ಲ. ಸಿಲಿಂಡರ್ ತಗೋ.”

ಮೇಸ್ತ್ರಿ ಕೈಯನ್ನು ಹಿಂದಕ್ಕೆ ಚಾಚಿದರು. ಬೆಲ್ಟು ಭುಜವನ್ನು ಸೀಟಿಗೆ ಒತ್ತಿ ಹಿಡಿದಿತ್ತು. ತಿಣುಕಿದರು, ಹೊರಳಿದರು, ಮುಖ ಕೆಂಪಾಯಿತು. ಬೆರಳಿಗೆ ಸಿಕ್ಕಿದ್ದು ಬರೀ ಗಾಳಿ. ಡಿಕ್ಕಿ ಇನ್ನೂ ಎಲ್ಲೋ ದೂರದಲ್ಲಿತ್ತು. ಇದು ಮೋಸದಾಟ ಎಂದು ಬೈಯಲು ಬಾಯಿ ತೆರೆದವರ ಕಣ್ಣು ಕಿಟಕಿಯ ಪಕ್ಕ ನಿಂತ ಮಗಳ ಕೈಯ ಮೇಲೆ ಬಿತ್ತು. ನಾಳೆ ಈ ಸೀಟಿನಲ್ಲಿ ಕೂರುವವಳು ಅವಳು.

“ಇವಳ ಕೈ ನನ್ನ ಕೈಗಿಂತ ಗಿಡ್ಡ ಅಲ್ವಾ ಅಕ್ಕಾ,” ಎಂದರು ಮೆಲ್ಲಗೆ.

ಆಮೇಲೆ ಮೇಸ್ತ್ರಿಗೆ ಯಾರೂ ಬುದ್ಧಿ ಹೇಳಬೇಕಾಗಲಿಲ್ಲ. ಮಗಳನ್ನು ಕೂರಿಸಿ ಬೆಲ್ಟ್ ಬಿಗಿದರು. ಅವಳ ಕೈ ಸಲೀಸಾಗಿ ಮುಟ್ಟುವ ಜಾಗ ಹುಡುಕಿ ಸೀಟಿನ ಪಕ್ಕ ಕಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಡ್ರಿಲ್ ಹಿಡಿಯುವ ಮೊದಲು ಕಾರಿನ ಅಡಿಗೆ ನುಸುಳಿ, ಅಲ್ಲಿ ಪೆಟ್ರೋಲ್ ಪೈಪಾಗಲಿ ಬ್ರೇಕ್ ಪೈಪಾಗಲಿ ಇಲ್ಲವೆಂದು ನೋಡಿಕೊಂಡರು. ಪ್ಲಾಸ್ಟಿಕ್ ಪಟ್ಟಿಗಳು ಕಸದ ಬುಟ್ಟಿ ಸೇರಿದವು. ಸಿಲಿಂಡರ್ ಕೂರುವ ಉಕ್ಕಿನ ಹಿಡಿಕೆಯನ್ನು ನೆಲದ ತಗಡಿನ ಆಚೆಗೆ ಹಾಯುವ ಬೋಲ್ಟುಗಳಿಂದ, ಅಡಿಯಲ್ಲಿ ಅಗಲವಾದ ವಾಷರ್ ಕೊಟ್ಟು ಬಿಗಿದರು.

“ಉದ್ದಕ್ಕೆ ಇಡಬೇಡ, ಅಡ್ಡಕ್ಕೆ ಇಡು,” ಎಂದರು ಅಕ್ಕ. “ಕಾರು ಗುದ್ದಿದ್ರೆ ಮುಂದಕ್ಕೆ ಬಾಣದ ಹಾಗೆ ಹಾರುತ್ತೆ. ಸಿಲಿಂಡರಿನ ಪಿನ್ನು, ಪಟ್ಟಿ ಬಿಚ್ಚೋ ಕೊಂಡಿ ಎರಡೂ ಇವಳ ಕಡೆ ಇರಲಿ. ಅದರ ಒತ್ತಡದ ಮೀಟರ್ ಮುಳ್ಳು ಹಸಿರಲ್ಲಿದೆಯಾ ನೋಡು.”

ಲೋಹದ ಪಟ್ಟಿಗಳನ್ನು ಬಿಗಿದಾದ ಮೇಲೆ ಮೇಸ್ತ್ರಿ ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕಾರು ಅಲುಗಾಡಿತು, ಸಿಲಿಂಡರ್ ಅಲುಗಾಡಲಿಲ್ಲ. ಮಗಳು ಕಣ್ಣು ಮುಚ್ಚಿ ಕೊಂಡಿ ತೆಗೆಯುವುದನ್ನು ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿದಳು.

“ಇದರ ತೂಕ ಎಷ್ಟಂತೆ?” ಎಂದು ಹೆಂಡತಿ ಕೆಣಕಿದರು.

“ಇದನ್ನ ತೂಗಲ್ಲ,” ಎಂದರು ಮೇಸ್ತ್ರಿ.

ಮರುದಿನ ರೇಸಿನಲ್ಲಿ ಕೆಂಪು ಕಾರು ಎಲ್ಲರಿಗಿಂತ ಮುಂದಿತ್ತು. ಮೇಸ್ತ್ರಿ ಬೇಲಿಯ ಮೇಲೆ ಹತ್ತಿ ಕೂಗುತ್ತಿದ್ದರು. ಅಷ್ಟರಲ್ಲಿ ಕಾರಿನೊಳಗೆ ಹೊಗೆ ಕಾಣಿಸಿತು. ಡ್ಯಾಶ್‌ಬೋರ್ಡಿನ ಕೆಳಗೆ, ಮೇಸ್ತ್ರಿಯೇ ಎಳೆದಿದ್ದ ವೈರೊಂದು ತಗಡಿನ ಅಂಚಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಕಳಚಿ ಹೊತ್ತಿಕೊಂಡಿತ್ತು. ಬೆಂಕಿ ಮಗಳ ಮಂಡಿಯ ಹತ್ತಿರ! ಮೇಸ್ತ್ರಿ ಬೇಲಿಯಿಂದ ಧುಮುಕಿ ಓಡಿದರು.

ಹುಡುಗಿ ಗಾಬರಿಯಾಗಲಿಲ್ಲ. ಕಾರನ್ನು ಅಂಚಿಗೆ ತಂದು ನಿಲ್ಲಿಸಿ ಮೇನ್ ಸ್ವಿಚ್ ಆರಿಸಿದಳು. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಕೈಗೆ ದಾರಿ ಗೊತ್ತಿತ್ತು. ಕೊಂಡಿ ತೆಗೆದಳು, ಪಿನ್ ಎಳೆದಳು, ಬೆಂಕಿಯ ಬುಡಕ್ಕೇ ಗುರಿಯಿಟ್ಟು ಒತ್ತಿದಳು. ಬುಸ್ಸೆಂದು ಬಿಳಿ ಪುಡಿ ಹಾರಿತು. ಬೆಂಕಿ ಅಡಗಿದ ಕ್ಷಣದಲ್ಲೇ ಬೆಲ್ಟ್ ಬಿಚ್ಚಿ ಹೊರಗೆ ಹಾರಿದಳು.

ತಿರುವಿನಲ್ಲಿ ಮಾರ್ಷಲ್ ಆಗಿ ನಿಂತಿದ್ದ ಅತ್ತೆ ಏದುಸಿರು ಬಿಡುತ್ತಾ ದೊಡ್ಡ ಸಿಲಿಂಡರ್ ಹೊತ್ತು ಬಂದಾಗ, ಸೊಸೆ ಹಿಟ್ಟಿನ ಗಿರಣಿಯಿಂದ ಬಂದವಳಂತೆ ಅಡಿಯಿಂದ ಮುಡಿವರೆಗೆ ಬೆಳ್ಳಗೆ ನಿಂತಿದ್ದಳು.

“ಅತ್ತೆ, ಲೇಟಾಗಿ ಬಂದ್ರಿ,” ಎಂದಳು.

“ಬದುಕ್ಕೊಂಡ್ಯಲ್ಲೇ, ಬಂಗಾರಿ!” ಎಂದು ಅತ್ತೆ ಅವಳನ್ನು ತಬ್ಬಿಕೊಂಡರು. ಮತ್ತೆ ಹೊತ್ತಿಕೊಳ್ಳಬಾರದೆಂದು ಕಾರಿಗೆ ಕಾವಲು ನಿಂತರು. ಓಡಿ ಬಂದ ಮೇಸ್ತ್ರಿ ಕಾರಿನತ್ತ ತಿರುಗಿಯೂ ನೋಡಲಿಲ್ಲ. ಮಗಳ ಕೈ, ಕಾಲು, ಮುಖ ಮುಟ್ಟಿ ಮುಟ್ಟಿ ನೋಡಿ ಮಗುವಿನಂತೆ ಅತ್ತರು.

ಮುಂದಿನ ರೇಸಿಗೆ ಮೇಸ್ತ್ರಿ ವೈರುಗಳನ್ನೆಲ್ಲ ಹೊಸದಾಗಿ ಎಳೆದು ಕೊಳವೆಯೊಳಗೆ ತೂರಿಸಿದರು. ಅದೇ ಜಾಗದಲ್ಲಿ ಹೊಸ ಸಿಲಿಂಡರ್ ಕೂರಿಸಿದರು. ಆ ತೂಕವನ್ನೂ ಹೊತ್ತುಕೊಂಡೇ ಕೆಂಪು ಕಾರು ಮೊದಲು ಗುರಿ ಮುಟ್ಟಿತು! ಫೋಟೋಗೆ ನಿಂತಾಗ ಮಗಳ ಕೈಯಲ್ಲಿ ಕಪ್ ಇತ್ತು, ಮೇಸ್ತ್ರಿಯ ಕೈಯಲ್ಲಿ ಆ ಹಳೆಯ ಖಾಲಿ ಸಿಲಿಂಡರ್.

“ಏನ್ ಮೇಸ್ತ್ರಿ, ಬೇಡದ ತೂಕ ಹೊತ್ಕೊಂಡಿದ್ದೀರಲ್ಲ?” ಎಂದು ಯಾರೋ ಕಿಚಾಯಿಸಿದರು.

“ಬೇಡದ ತೂಕ ಅಲ್ಲ ಸ್ವಾಮಿ,” ಎಂದು ಮೇಸ್ತ್ರಿ ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. “ನನ್ನ ಮಗಳ ಜೀವದ ತೂಕ ಇದು!”

ಈಗ ಅವರ ಗ್ಯಾರೇಜಿಗೆ ಯಾರೇ ಟ್ರ್ಯಾಕ್ ಕಾರು ತರಲಿ, ಮೊದಲು ಬೆಲ್ಟ್ ಬಿಗಿಸಿಕೊಂಡು ಕೈ ಚಾಚಬೇಕು. ಕೈಗೆ ಸಿಲಿಂಡರ್ ಸಿಕ್ಕರೆ ಮಾತ್ರ ಮುಂದಿನ ಮಾತು.

ಟ್ರ್ಯಾಕಿಗೆ ಕಾರು ಇಳಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸಿಲಿಂಡರ್ ಎಲ್ಲಿದೆ? ಡಿಕ್ಕಿಯಲ್ಲೋ, ಸೀಟಿನ ಹಿಂದೆಯೋ? ಇವತ್ತೇ ಬೆಲ್ಟ್ ಬಿಗಿದು, ಕಣ್ಣು ಮುಚ್ಚಿ, ಕೈ ಚಾಚಿ ನೋಡಿ. ಸಿಗದಿದ್ದರೆ ಸ್ಪ್ಯಾನರ್ ಹಿಡಿಯಿರಿ. ಬೆಂಕಿ ದೊಡ್ಡದಾದರೆ ಮಾತ್ರ ಆರಿಸುತ್ತ ಕೂರಬೇಡಿ, ಕಾರು ಬಿಟ್ಟು ದೂರ ಓಡಿ. ಕಾರನ್ನು ಇನ್ನೊಮ್ಮೆ ಕಟ್ಟಬಹುದು. ನಿಮ್ಮ ಮನೆಯವರಿಗೆ ನೀವಿರುವುದು ಒಬ್ಬರೇ.