ಬುರುಡೆಯೊಳಗಿನ ಬೀಜ

ನೀಲಕ್ಕನಿಗೆ ಜಂಬ ಸ್ವಲ್ಪ ಜಾಸ್ತಿಯೇ. ಇರಲಿ ಬಿಡಿ, ಅವಳು ಪಟ್ಟ ಪಾಡಿಗೆ ಅಷ್ಟು ಜಂಬ ಇರಬೇಕಾದ್ದೇ. ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ, ಹೆಬ್ಬಾಳದ ಆ ಬೀದಿಯ ನಲ್ಲಿ ಎರಡು ದಿನಕ್ಕೊಮ್ಮೆ ಕೆಮ್ಮಿ ಸುಮ್ಮನಾಗುತ್ತಿದ್ದಾಗ, ಬಾಡಿಗೆ ಮನೆಯ ಹಿತ್ತಲಿನ ನಾಲ್ಕು ಮಾರು ಜಾಗದಲ್ಲಿ ಬದನೆ, ಮೆಂತ್ಯ, ಸೌತೆ ಬೆಳೆದವಳು ಅವಳೊಬ್ಬಳೇ. ಬಚ್ಚಲ ನೀರು, ಅಕ್ಕಿ ತೊಳೆದ ನೀರು, ಒಲೆಯ ಬೂದಿ. ಅಷ್ಟೇ ಬಂಡವಾಳ. ಗಂಡ ಕಾಶಿನಾಥ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಗದಗದ ಕಡೆಯಿಂದ ಬಂದು ಆರು ವರ್ಷವಾಗಿದ್ದರೂ ಸಂಬಳ ಬಾಡಿಗೆಗೆ ಮತ್ತು ರೇಷನ್ನಿಗೆ ಸರಿಹೋಗುತ್ತಿತ್ತು.

"ಎಂಟಾಣೆ ಕೊಟ್ರ ಬೀಜದ ಪಾಕೀಟ ಸಿಗ್ತದಲ್ಲ," ಎಂದು ಅವನು ಒಮ್ಮೆ ಅಂದದ್ದಕ್ಕೆ ಅವಳು ಸಿಡಿದಿದ್ದಳು.

"ಬೀಜಕ್ಕೂ ರೊಕ್ಕಾ ಕೊಡೂದಾದ್ರ ಸಂತ್ಯಾಗ ಕಾಯೀನ ತರ್ರಿ. ನನಗ್ಯಾಕ ಈ ಕೆಸರಿನ ಕೆಲಸಾ?"

ಕೊತ್ತಂಬರಿ ಮಸಾಲೆ ಡಬ್ಬಿಯಿಂದ ಬಂತು. ಟೊಮೇಟೊ ಕೊಳೆತ ಹಣ್ಣಿನಿಂದ ಬಂತು. ಸೋರೆ ಬೀಜ ಮಾತ್ರ ಬುರುಡೆಯಿಂದ ಬಂತು. ಅವಳ ತಾಯಿ ಸಂಗವ್ವ ಒಣಗಿದ ಸೋರೆ ಬುರುಡೆಯೊಂದರಲ್ಲಿ ಬಿತ್ತನೆ ಕಾಳು ತುಂಬಿ ಜಂತೆಗೆ ನೇತುಹಾಕುತ್ತಿದ್ದಳು. ತಾಯಿ ಸತ್ತ ಮೇಲೆ ನೀಲಕ್ಕ ಆ ಬುರುಡೆಯನ್ನು ಬೆಂಗಳೂರಿಗೆ ತಂದಿದ್ದಳು. ಯುಗಾದಿ ಕಳೆದ ಮೇಲೆ ಅದನ್ನು ಕೊಡವಿದಾಗ, ಕಾಳೆಲ್ಲ ಉದುರಿ, ತಳದಲ್ಲಿ ಅಂಟಿಕೊಂಡಿದ್ದ ಐದಾರು ಚಪ್ಪಟೆ ಬೀಜ ಕೈಗೆ ಬಂದವು. ಅವ್ವ ಕೂಡಿಟ್ಟದ್ದೇ ಇರಬೇಕೆಂದು ಕಣ್ಣು ತುಂಬಿಕೊಂಡು ಬಿತ್ತಿದಳು. ಬಳ್ಳಿ ಗೋಡೆ ಹತ್ತಿ ಪಕ್ಕದ ಮನೆಯ ಜಾಹಿದಾಳ ಹೆಂಚಿನವರೆಗೂ ಹೋಯಿತು.

ಜೂನ್ ಕೊನೆಯ ಸೋಮವಾರ ಎರಡು ಕಾಯಿ ಕೊಯ್ಯುವಂತಾದವು. ಮೊದಲ ಕಾಯಿ ಬಸುರಿಗೆ ಕೊಟ್ಟರೆ ಬಳ್ಳಿಯ ತುಂಬ ಕಾಯಿ ಬಿಡುತ್ತದೆ ಎನ್ನುವುದು ಅವ್ವನ ಮಾತು. ಜಾಹಿದಾಗೆ ಏಳು ತಿಂಗಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಡಾಕ್ಟರು ಬೇಡವೆಂದರೂ ಕೇಳದೆ ಆ ಹುಡುಗಿ ರಂಜಾನಿನ ರೋಜಾ ಹಿಡಿದಿದ್ದಳು. ನೀಲಕ್ಕ ಬೆಳಿಗ್ಗೆಯೇ ಗೋಡೆಯ ಮೇಲಿಂದ ದೊಡ್ಡ ಕಾಯನ್ನು ಅವಳ ಕೈಗಿಟ್ಟು, ಚಿಕ್ಕದನ್ನು ತಾನು ಇಟ್ಟುಕೊಂಡಳು.

ನೀಲಕ್ಕನಿಗೂ ಅಂದು ಪ್ರತಿ ಸೋಮವಾರದ ಒಪ್ಪತ್ತು. ಸಂಜೆ ಲಿಂಗಪೂಜೆ ಮುಗಿದು ಎಡೆ ಹಿಡಿಯುವ ತನಕ ಪಲ್ಯದ ಉಪ್ಪು ಕೂಡ ನೋಡುವವಳಲ್ಲ. ಕಾಶಿನಾಥ ಎರಡನೇ ಪಾಳಿಗೆ ಹೋಗಿದ್ದ. ಪೂಜೆ ಮಾಡಿ, ಎಡೆ ತೋರಿಸಿ, ರೊಟ್ಟಿ ಮುರಿದು ಪಲ್ಯ ಅದ್ದಿ ಬಾಯಿಗಿಟ್ಟಳು.

ಅಯ್ಯೋ ಶಿವನೇ, ಎಂಥಾ ಕಹಿ! ನಾಲಿಗೆ ಸೆಟೆದುಕೊಂಡಿತು. ಆದರೆ ಪ್ರಸಾದ, ಉಗುಳುವಂತಿಲ್ಲ. ಕಣ್ಣು ಮುಚ್ಚಿ ಆ ತುತ್ತನ್ನು ನುಂಗಿಯೇ ಬಿಟ್ಟಳು. ನುಂಗಿದ ಮೇಲೆ ತಲೆ ಎತ್ತಿದರೆ ಮೊಳೆಗೆ ತೂಗುಹಾಕಿದ್ದ ಬುರುಡೆ ಕಂಡಿತು.

ಆ ಬೀಜ ಅವ್ವ ಕೂಡಿಟ್ಟದ್ದಲ್ಲ. ಬುರುಡೆಯದೇ ಬೀಜ. ಹುಳ ಕೊರೆಯಬಾರದೆಂದು ಕಾಳು ತುಂಬಲು ಕಹಿ ಸೋರೆಯ ಬುರುಡೆಯನ್ನೇ ಆರಿಸುತ್ತಾರೆ, ಅವಳ ಊರಲ್ಲಿ ಕೂಸಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಬಿಟ್ಟಿ ಬೀಜ ಕಂಡ ಖುಷಿಗೆ ಮರೆತಿದ್ದಳು, ಅಷ್ಟೇ. ದನ ಕಾಯುತ್ತಿದ್ದ ಫಕೀರಪ್ಪ ಕಾಕಾ ಅಂಥ ಕಾಯಿ ತಿಂದು ರಕ್ತ ಕಾರಿ ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಕಹಿ ಎಂದು ಜಾಹಿದಾ ಬಿಸಾಡಿಯಾಳೇ? ಇಲ್ಲ. ಹೋದ ವಾರ ಮೆಂತ್ಯ ಸೊಪ್ಪು ಕೊಡುವಾಗ ನೀಲಕ್ಕನೇ ಗದರಿದ್ದಳು: "ಕಹಿ ಅಂತ ಬಿಡಬ್ಯಾಡ. ಹೊಟ್ಟ್ಯಾಗಿನ ಕೂಸಿಗೆ ಛಲೋ, ಕಣ್ಣು ಮುಚ್ಚಿ ತಿನ್ನು." ಹುಡುಗಿ ಹಾಗೇ ತಿಂದಿದ್ದಳು. ರೋಜಾ ಇದ್ದವಳು ಅಡುಗೆಯ ರುಚಿ ನೋಡಿರುವುದೂ ಇಲ್ಲ.

ಗಡಿಯಾರದಲ್ಲಿ ಆರೂ ಇಪ್ಪತ್ತು. ರೋಜಾ ಬಿಡುವುದು ಏಳಕ್ಕೆ ಹತ್ತು ನಿಮಿಷ ಇರುವಾಗ. ನೀಲಕ್ಕ ಎಂಜಲ ಕೈಯಲ್ಲೇ ಓಡಿದಳು. ಜಾಹಿದಾಳ ಬಾಗಿಲಿಗೆ ಬೀಗ.

"ಗಂಗಾನಗರಕ್ಕೆ, ಅವರಮ್ಮನ ಮನೆಗೆ ಹೋದ್ಲಲ್ಲಾ," ಎಂದಳು ಎದುರುಮನೆಯ ಲಕ್ಷ್ಮಿದೇವಮ್ಮ. "ನೀವ್ ಕೊಟ್ಟ ಸೋರೆಕಾಯಲ್ಲಿ ದಾಲ್ಚಾ ಮಾಡಿದೀನಿ ಅಂತ ಟಿಫಿನ್ ಕ್ಯಾರಿಯರ್ ತೋರಿಸ್ಕೊಂಡೇ ಹೋದ್ಲು."

ದಾಲ್ಚಾ! ಬೇಳೆ, ಮಾಂಸ, ಹುಣಸೆಹುಳಿ, ಖಾರ. ಕಹಿ ಅರ್ಧಕ್ಕರ್ಧ ಮುಚ್ಚಿಹೋಗಿರುತ್ತದೆ.

ಬಳ್ಳಾರಿ ರಸ್ತೆಗೆ ಬಂದರೆ ಬಸ್ಸು ಇಲ್ಲ, ಆಟೋ ನಿಲ್ಲಿಸುತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡತೊಡಗಿದಳು. ಹಿಂದಿನಿಂದ ಸೈಕಲ್ ಗಂಟೆ ಕೇಳಿತು. ಹಾಲಿನ ಮುನಿಆಂಜಿನಪ್ಪ, ಬೀದಿಗೆಲ್ಲ ಹಾಲು ಹಾಕುವವನು.

"ಇಂಗ್ಯಾಕಮ್ಮಾ ಓಡ್ತಿದ್ದೀರಾ? ಏನಾಯ್ತು?"

"ಗಂಗಾನಗರಕ್ಕ ಬಿಡೋ ಯಪ್ಪಾ! ಬಸರಿ ಹೆಂಗಸಿನ ಜೀವದ ಮಾತು!"

ಅವನು ಸೈಕಲ್ಲಿನ ಹಿಂದೆ, ಕ್ಯಾನುಗಳ ನಡುವೆ ಅವಳನ್ನು ಕೂರಿಸಿಕೊಂಡು ಎದ್ದುನಿಂತು ತುಳಿದ. ವೆಟರ್ನರಿ ಕಾಲೇಜಿನ ಗೋಡೆ ಬರುವ ಹೊತ್ತಿಗೆ ನೀಲಕ್ಕನ ಹೊಟ್ಟೆಯಲ್ಲಿ ಮುರಿತ ಶುರುವಾಗಿತ್ತು. ಒಂದೇ ತುತ್ತಿಗೆ ಹೀಗಾದರೆ ಆ ಕೂಸಿನ ಗತಿ ಏನು? ಬೆವರು ಕಣ್ಣಿಗಿಳಿಯುತ್ತಿತ್ತು. "ಬೇಗ, ಬೇಗ," ಅನ್ನುವುದೊಂದೇ ಬಾಯಲ್ಲಿ.

ಮಸೀದಿ ಹಿಂದಿನ ಓಣಿಯ ಹಸಿರು ಬಾಗಿಲು ಅವಳಿಗೆ ಗೊತ್ತಿತ್ತು. ಸೈಕಲ್ಲಿನಿಂದ ಇಳಿಯುತ್ತಿದ್ದಂತೆ ಆಜಾನ್ ಮುಗಿಯಿತು.

ಒಳಗೆ ಊಟಕ್ಕೆ ದಸ್ತರಖಾನ್ ಬಟ್ಟೆ ಹಾಸಿತ್ತು. ಜಾಹಿದಾ, ಅವಳ ಗಂಡ ಮುಜಫ್ಫರ್, ತಾಯಿ ಕನೀಜ್. ಖರ್ಜೂರ ತಿಂದು ನೀರು ಕುಡಿದಾಗಿತ್ತು. ಜಾಹಿದಾಳ ತಟ್ಟೆಯಲ್ಲಿ ದಾಲ್ಚಾ ಬಿದ್ದಿತ್ತು, ಕೈಯಲ್ಲಿ ತುತ್ತು ಇತ್ತು.

"ತಿನಬ್ಯಾಡ! ಸೋರೆಕಾಯಿ ವಿಷ ಐತಿ, ತಿನಬ್ಯಾಡವಾ!"

"ಅನ್ನದ ಮುಂದೆ ಇದೇನಮ್ಮಾ ಕೂಗಾಟ?" ಕನೀಜ್ ಕೆರಳಿದಳು. "ಕೊಟ್ಟಿದ್ದೂ ನೀವೇ ಅಲ್ವಾ?"

ಜಾಹಿದಾ ನಕ್ಕಳು. "ಕಹಿ ಇದ್ರೆ ಪರ್ವಾಗಿಲ್ಲ ಅಕ್ಕಾ. ಕಣ್ಣು ಮುಚ್ಚಿ ತಿನ್ನು ಅಂದಿದ್ದು ನೀವೇ ಅಲ್ವಾ?" ತುತ್ತು ಬಾಯಿಯ ಹತ್ತಿರ ಹೋಯಿತು.

ನೀಲಕ್ಕ ಹಾರಿ ಆ ಕೈಗೆ ಹೊಡೆದಳು. ತುತ್ತು ಗೋಡೆಗೆ ಬಡಿಯಿತು, ತಟ್ಟೆ ಮಗುಚಿತು. ದಿನವಿಡೀ ಉಪವಾಸವಿದ್ದ ಬಸುರಿಯ ತಟ್ಟೆ! ಕನೀಜ್ ಎದ್ದು ಅವಳ ರಟ್ಟೆ ಹಿಡಿದಳು, ಮುಜಫ್ಫರ್ ಏನೋ ಗದರಿದ. ಹೇಳಬೇಕೆಂದು ನೀಲಕ್ಕ ಬಾಯಿ ತೆರೆದರೆ ಮಾತಿನ ಬದಲು ವಾಂತಿ ಬಂತು. ಹೊಸ್ತಿಲ ಮೇಲೆಯೇ ಕಾರಿಕೊಂಡಳು. ಅದರಲ್ಲಿ ಕೆಂಪು ಎಳೆಯಿತ್ತು.

"ಒಂದ ತುತ್ತು..." ಎಂದಳು. "ನಾ ತಿಂದದ್ದು ಒಂದ ತುತ್ತು."

ಮುಜಫ್ಫರ್ ಅದನ್ನು ನೋಡಿದ, ಹೆಂಡತಿಯ ಹೊಟ್ಟೆಯನ್ನು ನೋಡಿದ. ಕ್ಯಾರಿಯರನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದು ಬಂದ. ರಟ್ಟೆ ಹಿಡಿದಿದ್ದ ಕನೀಜಳ ಕೈ ಈಗ ನೀಲಕ್ಕನ ಹಣೆ ಹಿಡಿದುಕೊಂಡಿತು.

ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮನೆಗೆ ಬಂದವಳೇ ನೀಲಕ್ಕ ಸೋರೆ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟಳು, ಬುರುಡೆಯನ್ನು ಒಡೆದಳು. ಉಳಿದ ಗಿಡಗಳಿಗೂ ನೀರು ಹಾಕುವುದನ್ನು ಬಿಟ್ಟಳು. ಕಾಶಿನಾಥನೇ ಪಾಳಿ ಮುಗಿಸಿ ಬಂದು ಎರಡು ಚೆಂಬು ಹೊಯ್ಯುತ್ತಿದ್ದ. ಅವನಿಗೆ ಮಾರ್ಕೆಟ್ಟಿನಿಂದ ಕಾಯಿಪಲ್ಯ ತರಲು ಹೇಳಿದಳು. ತನ್ನ ಕೈಯ ಮೇಲೇ ಅವಳಿಗೆ ನಂಬಿಕೆ ಹೋಗಿತ್ತು. ತವರಿನಲ್ಲೇ ಉಳಿದ ಜಾಹಿದಾಳ ಬೀಗ ಹಾಕಿದ ಬಾಗಿಲನ್ನು ನೋಡಿದಾಗಲೆಲ್ಲ ಅಳು ಬರುತ್ತಿತ್ತು.

ರಂಜಾನ್ ಹಬ್ಬ ಕಳೆದ ಮೊದಲ ಸೋಮವಾರ ಬೆಳಿಗ್ಗೆ ಗೋಡೆಯಾಚೆ ಬಳೆ ಸದ್ದಾಯಿತು. ಜಾಹಿದಾ ನಿಂತಿದ್ದಳು, ಹೊಟ್ಟೆ ಇನ್ನಷ್ಟು ಮುಂದೆ ಬಂದಿತ್ತು.

"ಅಕ್ಕಾ, ಒಂದು ಸೌತೆಕಾಯಿ ಕೊಡಿ. ಬಾಯಿ ಚಪ್ಪೆ ಆಗಿದೆ."

"ಒಲ್ಲೆನವಾ. ನನ್ನ ಕೈಲೆ ಇನ್ನ ಯಾರಿಗೂ ಏನೂ ಕೊಡಂಗಿಲ್ಲ."

"ಕೇಳ್ತಿರೋದು ನಾನು ಅಲ್ವಾ? ಕಚ್ಚಿ ನೋಡಿ ಕೊಡಿ, ಆಯ್ತು."

"ಎಂಜಲ ಆಗ್ತದ, ಹುಚ್ಚಿ!"

"ಎಂಜಲೇ ಬೇಕು ನಂಗೆ. ಕಚ್ಚಿ ಕೊಡಿ."

ಸ್ನಾನವಾಗಿತ್ತು, ಪೂಜೆಯಾಗಿರಲಿಲ್ಲ. ನೀಲಕ್ಕ ಬಾಡಿದ ಬಳ್ಳಿಯಿಂದ ಸೌತೆ ಕಿತ್ತು, ಸೆರಗಿಗೆ ಒರೆಸಿ, ಕಚ್ಚಿದಳು. ಅಗಿದಳು, ತಡೆದು ನೋಡಿದಳು. ಸಿಹಿಯಾಗಿತ್ತು. ಹಲ್ಲಿನ ಗುರುತು ಮೂಡಿದ್ದ ಕಾಯನ್ನು ಗೋಡೆಯ ಮೇಲಿಂದ ಚಾಚಿದಳು. ಜಾಹಿದಾ ತೊಳೆಯದೆ, ತಿರುಗಿಸದೆ, ಅದೇ ಗುರುತಿನ ಮೇಲೆ ಬಾಯಿ ಹಾಕಿದಳು.

ನೀಲಕ್ಕ ಬಾಯಲ್ಲಿದ್ದದ್ದನ್ನು ನುಂಗಿದಳು. ಆ ಸೋಮವಾರದ ಒಪ್ಪತ್ತು ಅಲ್ಲಿಗೇ ಮುಗಿಯಿತು.