ಪೀಠ ಸಲೂನಲ್ಲಿ, ಕುರ್ಚಿ ಚರ್ಚಲ್ಲಿ

ನೆರೆ ಇಳಿದ ಮಾರನೇ ದಿನ ನಮ್ಮ ಚರ್ಚ್ ಗುಂಪು ಕೆಳಬೀದಿಗೆ ಎಂಟ್ರಿ ಕೊಡ್ತು. ಫುಲ್ ಸ್ಲೋ ಮೋಷನ್. ಸ್ಟೈಲಿಗಲ್ಲ, ಮೊಣಕಾಲುದ್ದ ಕೆಸರು, ಜೋರಾಗಿ ಹೆಜ್ಜೆ ಹಾಕಿದ್ರೆ ಚಪ್ಪಲಿ ಅಲ್ಲೇ ಸಮಾಧಿ. ಮುಂದೆ ಸಲಿಕೆ ಹಿಡಿದು ಪಾಸ್ಟರು, ಅಂದ್ರೆ ನಮ್ಮಮ್ಮನ ಅಣ್ಣ, ನನ್ನ ಸೋದರಮಾವ. ಹಿಂದೆ ಬಕೆಟ್ ಹಿಡಿದು ನಾನು. ನನ್ನ ಹಿಂದೆ ಅತ್ತೆ, ನನ್ನ ಬಾಯಿ ಕಾಯೋಕೆ.

ಮಾವಂದು ಒಂದೇ ರೂಲು. ಹೋದ ಸಲದ ನೆರೇಲಿ ಒಬ್ಬರ ಗ್ಯಾಸ್ ಒಲೆ ಇನ್ನೊಬ್ಬರ ಮನೇಲಿ ಸಿಕ್ಕಿ, ನಂದು ನಿಂದು ಅಂತ ಎರಡೂ ಮನೆಯವರು ಹೊಡೆದಾಡಿದ್ರು. ಬಿಡಿಸೋಕೆ ಹೋದ ಮಾವನಿಗೂ ಬಿದ್ದಿತ್ತು. ಆವತ್ತಿಂದ ರೂಲು: "ಎಲ್ಲಿ ಸಿಗುತ್ತೋ ಅದು ಆ ಜಾಗದವರದ್ದೇ. ತೊಳೀರಿ, ಒರೆಸಿ, ಒಳಗಿಡಿ. ಪ್ರಶ್ನೆ ಬೇಡ."

ಮೊದಲನೇದು ಮೂಲೆ ಕ್ಷೌರದಂಗಡಿ. ಕೆಸರು ತೋಡ್ತಾ ಹೋದ್ರೆ, ಗಿರಾಕಿ ಕುರ್ಚಿ ಇರಬೇಕಾದ ಜಾಗದಲ್ಲಿ, ಕನ್ನಡಿಗೆ ಎದುರಾಗಿ, ನಮ್ಮ ಚರ್ಚಿನ ಪೀಠ ನಿಂತಿದೆ. ಮಾವ ಪ್ರತಿ ಭಾನುವಾರ ಹಿಂದೆ ನಿಂತು ಬೈಬಲ್ ಪ್ರಸಂಗ ಮಾಡೋ ಎದೆಯೆತ್ತರದ ಮರದ ಪೀಠ, ಶಿಲುಬೆ ಸಮೇತ.

ನನಗೆ ತಕ್ಷಣ ಹೊಳೀತು. ಚರ್ಚಿಗೂ ನೀರು ನುಗ್ಗಿತ್ತು. ಪೀಠದ ಜಾಗದಲ್ಲಿ ಒಂದು ಕ್ಷೌರದ ಕುರ್ಚಿ ಬಂದು ಕೂತಿತ್ತು. ಬೆಳಿಗ್ಗೆ ತಾನೇ ತೊಳೆದು ಫಳಫಳ ಅನ್ನಿಸಿದ್ವಿ. ಅಷ್ಟು ಭಾರದ ಕಬ್ಬಿಣದ ಕುರ್ಚಿ ತೇಲುತ್ತಾ ಅಂತ ನೀವು ಕೇಳ್ತೀರ. ನೀರಿಗೆ ಲಾಜಿಕ್ ಹೇಳಿಕೊಟ್ಟೋರು ಯಾರೂ ಇರ್ಲಿಲ್ಲ.

"ನನ್ನ ಕುರ್ಚಿ ನಿಮ್ಮಲ್ಲಿದೆಯಂತೆ, ಪಾಸ್ಟರೇ," ಅಂದ ಕ್ಷೌರದಣ್ಣ. "ಈ ಪೀಠ ನೀವು ತಗೊಂಡ್ಹೋಗಿ, ನನ್ನದು ಕಳಿಸಿಕೊಡಿ."

ಮಾವ ಪೀಠನ ನೋಡಿದ್ರು. ಸುತ್ತ ಸಲಿಕೆ ಹಿಡಿದು ನಿಂತಿದ್ದ ಬೀದಿಯವರನ್ನೂ ನೋಡಿದ್ರು. "ಆಗಲ್ಲಪ್ಪ. ಇವತ್ತು ನಾನೇ ರೂಲು ಮುರಿದ್ರೆ ನಾಳೆ ಒಲೆಗೋಸ್ಕರ ಮತ್ತೆ ತಲೆ ಒಡೀತವೆ. ಪೀಠ ನಿಂದು, ಕುರ್ಚಿ ನಮ್ಮದು."

"ಪೀಠದ ಮೇಲೆ ಗಿರಾಕೀನ ಹೇಗೆ ಕೂರಿಸ್ಲಿ?"

"ನಿಲ್ಲಿಸ್ಕೊಂಡು ಮಾಡು."

"ನೆರೆ ಬಂತು ಅಂತ ಗಡ್ಡ ಬೆಳೆಯೋದು ನಿಲ್ಲಿಸಲ್ಲ. ಮೇಲ್ಬೀದಿ ಏಸಿ ಸಲೂನಿಗೆ ನೀರೇ ಹೋಗಿಲ್ಲ. ಒಂದ್ಸಲ ಆ ಮೆತ್ತನೆ ಕುರ್ಚೀಲಿ ಕೂತ ಗಿರಾಕಿ ನನ್ನ ಕಡೆ ತಿರುಗಿ ನೋಡ್ತಾನಾ? ಅಂಗಡಿ ಮುಚ್ಚೋದೇ ಗತಿ."

ಮಾವ ತಲೆ ತಗ್ಗಿಸಿ ಪೀಠ ತೊಳೆಯೋಕೆ ಶುರು ಮಾಡಿದ್ರು. ಅತ್ತೆ ನನ್ನ ಕಿವೀಲಿ ಅಂದ್ಲು, "ರೂಲು ಗೀಲು ಏನೂ ಇಲ್ಲ ಕಣೆ. ಬೆಳಿಗ್ಗೆ ನಿಮ್ಮ ಮಾವ ಆ ಕುರ್ಚೀಲಿ ಕೂತು ಗಿರಗಿರ ತಿರುಗ್ತಿದ್ರು, ನಾನೇ ನೋಡ್ದೆ. ಸೊಂಟನೋವು ಹೋಯ್ತಂತೆ."

ಸಂಜೆ ಮತ್ತೆ ಅಂಗಡಿಗೆ ಹೋದೆ. ಕ್ಷೌರದಣ್ಣ ಪೀಠಕ್ಕೆ ಒರಗಿ, ಸೋತ ಹೀರೋ ಇಂಟರ್ವಲ್‌ಗೆ ಮುಂಚೆ ಕೂರ್ತಾನಲ್ಲ, ಹಂಗೆ ಕೂತಿದ್ದ.

"ಅಣ್ಣ, ಕುರ್ಚಿ ಅಂಗಡಿಗೆ ಬರಲ್ಲ ಅಂದ್ರೆ ಅಂಗಡೀನೇ ಕುರ್ಚಿ ಹತ್ರ ಹೋಗ್ಲಿ. ನಾಳೆ ಭಾನುವಾರ. ಇಡೀ ಬೀದಿ ಚರ್ಚಲ್ಲಿರುತ್ತೆ, ಗಡ್ಡದ ಸಮೇತ."

"ನಿಮ್ಮ ಮಾವ ಒದೀತಾರೆ ಪುಟ್ಟಿ."

"ಚರ್ಚೊಳಗೆ ಸಿಕ್ಕಿದ್ದು ಚರ್ಚಿಂದೇ. ನೀನೂ ಒಳಗೆ ಸಿಕ್ಕು. ತೊಳೆದು ಒಳಗಿಡ್ತೀವಿ."

ಭಾನುವಾರ ಮಾವ ಕುರ್ಚಿ ಪಕ್ಕ ನಿಂತು ಪ್ರಸಂಗ ಶುರು ಮಾಡಿದ್ರು. ವಿಷಯ, ತಾಳ್ಮೆ. ಅಷ್ಟರಲ್ಲಿ ಅಣ್ಣ ಹೆಗಲ ಮೇಲೆ ಬಿಳಿ ಬಟ್ಟೆ ಹಾಕ್ಕೊಂಡು ಬಂದ, ಕುರ್ಚಿಗೆ ನಮಸ್ಕಾರ ಹಾಕಿದ, "ಮೊದಲು ಯಾರು?" ಅಂದ. ಗಂಡಸರೆಲ್ಲ ಎದ್ರು. ಗಡ್ಡ ಇಲ್ಲದೋರೂ ಎದ್ರು. ಪೋಸ್ಟ್‌ಮ್ಯಾನ್ ಓಡಿಹೋಗಿ ಕೂತ. ಕತ್ತರಿ ಚಕ್ ಚಕ್, ತಾಳ್ಮೆ ಎರಡನೇ ಅಂಶ, ಚಕ್ ಚಕ್. ಮೂರನೇ ಅಂಶಕ್ಕೆ ಮಾವನ ಮಾತು ಕೇಳ್ತಿದ್ದೋಳು ಅತ್ತೆ ಒಬ್ಬಳೇ. ಅವಳೂ ಕ್ಯೂ ಸರಿ ಮಾಡ್ತಾ ಕೇಳ್ತಿದ್ಲು.

ಮಾವನಿಗೆ ರೇಗಿ ಹೋಯ್ತು. "ಪೀಠ ಎಲ್ಲಿದೆಯೋ ಪ್ರಸಂಗ ಅಲ್ಲೇ," ಅಂತ ಕೆಳಬೀದಿ ಅಂಗಡಿಗೆ ನಡೆದ್ರು. ನಾನು ಹಿಂದೇನೇ ಹೋಗಿ ಬಾಗಿಲ ಸಂದೀಲಿ ಇಣುಕಿದೆ. ಕನ್ನಡಿ ಮುಂದೆ ಪೀಠ, ಪೀಠದ ಹಿಂದೆ ಮಾವ. ತಾಳ್ಮೆ ಬಗ್ಗೆ ತಮಗೆ ತಾವೇ ಕೂಗಾಡ್ತಿದ್ರು. ಕನ್ನಡಿಯೊಳಗಿನ ಮಾವನೂ ಬೆರಳು ತೋರಿಸಿ ಅಷ್ಟೇ ಜೋರಾಗಿ ತಿರುಗಿ ಬೈತಿದ್ರು. ಡಬಲ್ ಆ್ಯಕ್ಟಿಂಗ್. ಸ್ವಲ್ಪ ಹೊತ್ತಿಗೆ ಮಾವ ಕನ್ನಡಿ ಹತ್ರ ಬಗ್ಗಿದ್ರು, ಗಡ್ಡ ಸವರಿಕೊಂಡ್ರು. ನೆರೆ ಬಂದಾಗಿಂದ ಅವರೂ ಬೋಳಿಸಿರ್ಲಿಲ್ಲ.

ವಾಪಸ್ ಬಂದು ಕ್ಯೂ ಕೊನೇಲಿ ನಿಂತ್ರು. ಯಾರೂ ಮುಂದೆ ಬಿಡ್ಲಿಲ್ಲ.

ಸರದಿ ಬಂತು. ಅಣ್ಣ ಬಟ್ಟೆ ಕಟ್ಟಿದ, ನೊರೆ ಹಚ್ಚಿದ, ಕತ್ತು ಹಿಂದಕ್ಕೆ ವಾಲಿಸಿ ಗಂಟಲ ಮೇಲೆ ಕತ್ತಿ ಇಟ್ಟ. ಇಡೀ ಚರ್ಚು ಉಸಿರು ಹಿಡೀತು. ಮಾವ ಪ್ರಸಂಗ ಮಾಡುವಾಗ ಒಂದು ದಿನಾನೂ ಇಷ್ಟು ನಿಶ್ಶಬ್ದ ಆಗಿರ್ಲಿಲ್ಲ.

"ಪಾಸ್ಟರೇ," ಅಂದ ಅಣ್ಣ ಮೆಲ್ಲಗೆ, "ಕುರ್ಚಿ ಯಾರ್ದು?"

ತಲೆ ಆಡಿಸೋ ಹಾಗಿಲ್ಲ, ಉಗುಳು ನುಂಗೋ ಹಾಗೂ ಇಲ್ಲ. ಮಾವ ತುಟಿ ಅಲ್ಲಾಡಿಸದೆ ಅಂದ್ರು, "ನಿಂದು."

"ಮತ್ತೆ ರೂಲು?"

"ಕುರ್ಚಿಗೆ ಅನ್ವಯ ಆಗಲ್ಲ. ಪೀಠಕ್ಕೂ ಆಗಲ್ಲ."

"ಒಲೆಗೆ?" ಅಂತ ಹಿಂದಿನ ಬೆಂಚಿಂದ ಯಾರೋ ಕೇಳಿದ್ರು.

"ಒಲೆಗೆ ಆಗುತ್ತೆ," ಅಂದ್ರು ಮಾವ.

ಅಣ್ಣ ನೀಟಾಗಿ ಬೋಳಿಸಿ ಮುಗಿಸಿದ. ನಾವು ಎಂಟು ಜನ ಸೇರಿ ಕುರ್ಚಿ ಎತ್ತಿದ್ವಿ, ಕೆಳಬೀದಿಗೆ ಹೊರಟ್ವಿ. ಮಾವ ಮಾತ್ರ ಇಳೀಲಿಲ್ಲ.

"ಮಾವ, ಇಳೀರಿ. ಭಾರ."

"ಅಂಗಡಿವರೆಗೆ ನಡೀರಿ," ಅಂದ್ರು, ಬಿಳಿ ಬಟ್ಟೇಲಿ ಕೆನ್ನೆ ಒರೆಸ್ಕೊಳ್ತಾ. "ಸೊಂಟಕ್ಕೆ ಹಾಯಾಗಿದೆ."